ಮಾತ್ರೆ ಬೆರೆಸಿದ್ದು ನಾನು, ನರ್ಸಮ್ಮನಲ್ಲ

ಹೊನ್ನವಳ್ಳಿ, ತಿಪಟೂರು ತಾಲ್ಲೂಕು
೨೧ ಆಗಸ್ಟ್ ೨೦೦೬

ಗ್ರೀನ್ ಟೀ ಸಾರದಿಂದ ಹೆಂಗಸರ ಬೊಜ್ಜು ಕರಗಿಸುವ ಪ್ರಯೋಗದ ಮುಖ್ಯಸ್ಥರಾದ ಡಾಕ್ಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ತಣ್ಣನೆಯ ಕೊಠಡಿಗೂ, ಅದರೊಳಗಿರುವ ಸಮಸ್ತ ಯಂತ್ರಗಳಿಗೂ ಹೊನ್ನವಳ್ಳಿಯ ಹದಿನಾರು ಹೆಂಗಸರ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ನಮ್ಮ ಬೊಜ್ಜೂ ಕ್ಷೇಮವಾಗಿದೆ. ತಮ್ಮ ಮಾತ್ರೆಯನ್ನು ಹನ್ನೆರಡು ವಾರ ತಪ್ಪದೆ ನುಂಗಿದ ಮೇಲೂ ಅದಕ್ಕೆ ಯಾವ ತೊಂದರೆಯೂ ಆಗಿಲ್ಲವೆಂದು ತಿಳಿಸಲು ಸಂತೋಷಪಡುತ್ತೇನೆ.

ನಾನು ದ್ರಾಕ್ಷಾಯಣಮ್ಮ. ಈ ಊರಿನ ಮಹಿಳಾ ಸಂಘಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷೆ, ತಮ್ಮ ಪುಸ್ತಕದಲ್ಲಿ ಏಳನೆಯ ನಂಬರು. ಎಸ್ಸೆಸ್ಸೆಲ್ಸಿಯನ್ನು ಮೊದಲನೆಯ ಸಲವೇ ಪಾಸು ಮಾಡಿದವಳಾದ್ದರಿಂದ ಈ ಪತ್ರವನ್ನು ಯಾರ ಕೈಲೂ ಬರೆಸದೆ ನಾನೇ ಬರೆದಿದ್ದೇನೆ, ಮತ್ತು ತಲುಪಿದರೂ ತಾವು ಓದದೆ ಇರಬಹುದೆಂದು ಯೋಚಿಸಿ ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ವಿಷಯ ಇಷ್ಟೇ. ತಮ್ಮ ಪ್ರಯೋಗದ ಮಾತ್ರೆಗಳು ನಮ್ಮ ಊರಿನಲ್ಲಿ ಅದಲುಬದಲಾದವೆಂದೂ, ಅದಕ್ಕೆ ನರ್ಸ್ ವನಜಾಕ್ಷಿಯ ನಿರ್ಲಕ್ಷ್ಯವೇ ಕಾರಣವೆಂದೂ, ಇದೇ ತಿಂಗಳ ಹನ್ನೊಂದರಿಂದ ಆಕೆ ಕೆಲಸಕ್ಕೆ ಬರಬೇಕಾಗಿಲ್ಲವೆಂದೂ ತಮ್ಮ ರುಜುವಿನ ಆದೇಶ ಹೊರಟಿದೆ. ರುಜು ಬಹಳ ಅಂದವಾಗಿದೆ. ಆದೇಶ ತಪ್ಪಾಗಿದೆ. ಮಾತ್ರೆಗಳನ್ನು ಬೆರೆಸಿದವಳು ನಾನು.

ಏಪ್ರಿಲ್ ತಿಂಗಳಲ್ಲಿ ತಮ್ಮವರು ಜೀಪಿನಲ್ಲಿ ಬಂದು ಸಮುದಾಯ ಭವನದಲ್ಲಿ ಸಭೆ ಮಾಡಿದ್ದನ್ನು ನಾವು ಮರೆತಿಲ್ಲ. ಟೈ ಕಟ್ಟಿದ ಒಬ್ಬರು ಪರದೆಯ ಮೇಲೆ ಒಂದು ದಪ್ಪ ಹೆಂಗಸಿನ ಚಿತ್ರವನ್ನೂ ಒಂದು ತೆಳ್ಳನೆಯ ಹೆಂಗಸಿನ ಚಿತ್ರವನ್ನೂ ತೋರಿಸಿ, ಎರಡರ ನಡುವೆ ಒಂದು ಎಲೆಯನ್ನು ಇಟ್ಟಿದ್ದರು. ಈ ಎಲೆಯ ಸಾರ ತುಂಬಿದ ಕ್ಯಾಪ್ಸೂಲ್ ಮಾತ್ರೆಯನ್ನು ದಿನಕ್ಕೆ ಮೂರರಂತೆ ನುಂಗಿದರೆ ಬೊಜ್ಜು ಕರಗುತ್ತದೆಯೇ ಎಂದು ನೋಡಬೇಕಾಗಿದೆ, ಅದಕ್ಕೆ ತಕ್ಕ ಹೆಂಗಸರು ಬೇಕಾಗಿದ್ದಾರೆ ಎಂದರು. ತಕ್ಕ ಹೆಂಗಸರನ್ನು ಹುಡುಕುತ್ತಾ ಅಷ್ಟು ದೂರದಿಂದ ಬಂದು ಸರಿಯಾಗಿ ತೆಂಗಿನ ಸೀಮೆಯಲ್ಲಿ ಜೀಪು ನಿಲ್ಲಿಸಿದ ತಮ್ಮ ಜಾಣ್ಮೆಯನ್ನು ಮೆಚ್ಚಲೇಬೇಕು. ಗಂಡಸರನ್ನು ಮಾತ್ರ ತಮ್ಮವರು ಕಣ್ಣೆತ್ತಿ ನೋಡಲಿಲ್ಲ. ನಮ್ಮ ಯಜಮಾನರ ಹೊಟ್ಟೆ ಬಾಗಿಲಿನಲ್ಲಿ ಅವರಿಗಿಂತ ಮುಂಚೆ ಕಾಣಿಸುತ್ತದೆ. ಆದರೂ ಪ್ರಯೋಗ ಹೆಂಗಸರಿಗೆ ಮಾತ್ರ ಎಂದು ತಿಳಿದ ಮೇಲೆ ಅವರು ಜಗಲಿಯ ಮೇಲೆ ಕುಳಿತು, “ಟೀ ಕುಡುದ್ರೆ ಬೊಜ್ಜು ಕರಗೋದಾದ್ರೆ ನಾನಿಷ್ಟೊತ್ಗೆ ಕರಗಿ ಮೋರೀಲಿ ಹರ್ದು ಹೋಗ್ಬೇಕಿತ್ತು ಕಣೇ” ಎಂದು ನಕ್ಕು ಇನ್ನೊಂದು ಲೋಟ ಟೀ ಕೇಳಿದರು.

ಸಹಿ ಹಾಕಲು ಕೊಟ್ಟ ಒಪ್ಪಿಗೆ ಪತ್ರ ಹನ್ನೊಂದು ಪುಟವಿತ್ತು. ಉಳಿದ ಹದಿನೈದು ಜನ ನೇರವಾಗಿ ಕೊನೆಯ ಪುಟ ತೆಗೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರು. ನಾನು ಮನೆಗೆ ತಂದು ಎರಡು ದಿನ ಓದಿದೆ. ಏಳನೆಯ ಪುಟದಲ್ಲಿ, ಭಾಗಾರ್ಥಿಯು ಯಾದೃಚ್ಛಿಕವಾಗಿ ನಿಷ್ಕ್ರಿಯ ಹೋಲಿಕಾ ದ್ರವ್ಯಕ್ಕೆ ನಿಯೋಜಿತಳಾಗತಕ್ಕದ್ದು ಎಂದು ಬರೆದಿತ್ತು. ಪರೀಕ್ಷೆಯಲ್ಲಿ ಕನ್ನಡಕ್ಕೆ ನೂರಕ್ಕೆ ಎಪ್ಪತ್ತೆಂಟು ತೆಗೆದ ನಾನು ಇದನ್ನು ನಾಲ್ಕು ಸಲ ಓದಿ, ಇದು ನಮಗೆ ಸಂಬಂಧಪಟ್ಟದ್ದಲ್ಲ, ಯಾವುದೋ ಯಂತ್ರಕ್ಕೆ ಸಂಬಂಧಪಟ್ಟದ್ದು ಎಂದು ತೀರ್ಮಾನಿಸಿದೆ. ನಿಮ್ಮಲ್ಲಿ ಅರ್ಧ ಜನಕ್ಕೆ ಔಷಧಿಯಿಲ್ಲದ ಬರೀ ಹಿಟ್ಟಿನ ಮಾತ್ರೆ ಕೊಡುತ್ತೇವೆ, ಯಾರಿಗೆ ಯಾವುದೆಂದು ನರ್ಸಿಗೂ ಗೊತ್ತಿರುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಅಕ್ಷರ ಬಾರದವರಿಗೂ ಓದಿ ಹೇಳಬಹುದಿತ್ತು. ನನಗೆ ಈ ಪತ್ರ ಬರೆಯುವ ಶ್ರಮವೂ ತಮಗೆ ಓದುವ ಶ್ರಮವೂ ಉಳಿಯುತ್ತಿತ್ತು.

ಪ್ರತಿ ಮಂಗಳವಾರ ವನಜಾಕ್ಷಿ ಹುಳಿಯಾರಿನಿಂದ ತನ್ನ ಸ್ಕೂಟಿಯ ಮೇಲೆ ತೂಕದ ಯಂತ್ರವನ್ನು ಕಟ್ಟಿಕೊಂಡು ಬರುತ್ತಿದ್ದಳು. ತೂಕ ನೋಡಿ, ಸೊಂಟಕ್ಕೆ ಟೇಪು ಹಿಡಿದು, ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ, ನಾವು ವಾರವೆಲ್ಲ ತಿಂದದ್ದನ್ನು ತಮ್ಮ ಊಟದ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಆ ಪುಸ್ತಕ ಅದ್ಭುತವಾಗಿತ್ತು. ಬ್ರೆಡ್ಡು, ಬೆಣ್ಣೆ, ಕಾರ್ನ್ ಫ್ಲೇಕ್ಸು, ಪಿಜ್ಜಾ ಎಲ್ಲಕ್ಕೂ ಬೇರೆ ಬೇರೆ ಕಾಲಂ ಇತ್ತು, ಮುದ್ದೆಗೆ ಇರಲಿಲ್ಲ. ತೆಂಗಿನಕಾಯಿ ಮಾತ್ರ ‘ಇತರೆ ಹಣ್ಣುಗಳು’ ಎಂಬಲ್ಲಿ ದ್ರಾಕ್ಷಿಯ ಪಕ್ಕದಲ್ಲಿ ಮುದುರಿಕೊಂಡು ಕುಳಿತಿತ್ತು. ವಾರದಲ್ಲಿ ಎಷ್ಟು ಕಾಯಿ ತಿಂದಿರಿ ಎಂದು ಕೇಳಿದಾಗ ಹದಿನಾರು ಜನವೂ ಒಂದೂ ಇಲ್ಲವೆಂದೇ ಬರೆಸಿದೆವು. ಇದು ಸುಳ್ಳಲ್ಲ. ಚಟ್ನಿಗೆ, ಸಾರಿಗೆ, ಪಲ್ಯಕ್ಕೆ, ಪಾಯಸಕ್ಕೆ ಹಾಕುವ ವಸ್ತುವನ್ನು ತಿಂದೆವೆಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ, ಉಪ್ಪು ತಿಂದೆವೆಂದು ಹೇಳದಿರುವ ಹಾಗೆ. ವನಜಾಕ್ಷಿ ಪೆನ್ನು ಕೆಳಗಿಟ್ಟು, “ಅಲ್ಲ ಕಣ್ರಮ್ಮ, ದಿನಕ್ಕೆರಡು ಕಾಯಿ ತುರೀತೀರ, ಅದೆಲ್ಲ ಎಲ್ಲಿಗೋಯ್ತು?” ಎಂದಳು. ನಮ್ಮ ಕೊಬ್ಬರಿ ಕೆಲಸಕ್ಕೆ ಬರುವ ಭೈರಮ್ಮ, “ಸಾರ್ಗೋಯ್ತು ಕಣವ್ವ, ನಮ್ಗೆಲ್ ಬಂತು” ಎಂದಳು. ಆವತ್ತಿನಿಂದ ವನಜಾಕ್ಷಿ ಪುಸ್ತಕದ ಅಂಚಿನಲ್ಲಿ ತಾನೇ ಗೆರೆ ಎಳೆದು ಕಾಯಿಗೆ ಒಂದು ಕಾಲಂ ಮಾಡಿ, ಹದಿನಾರು ಮನೆಯ ಹಿತ್ತಿಲಿಗೂ ಹೋಗಿ ಬಿದ್ದಿದ್ದ ಕರಟ ಎಣಿಸಿ ಬರೆದುಕೊಳ್ಳತೊಡಗಿದಳು. ಇಂಥವಳ ಹೆಸರಿನ ಮುಂದೆ ತಾವು ನಿರ್ಲಕ್ಷ್ಯ ಎಂದು ಬರೆದಿದ್ದೀರಿ.

ಇದೇ ಭೈರಮ್ಮನ ಕಾಲಿನಲ್ಲಿ ಒಂದು ಹುಣ್ಣಾಗಿ ಮಾಯದೆ ಇದ್ದದ್ದನ್ನು ಮೂರನೆಯ ವಾರ ಕಂಡುಹಿಡಿದವಳೂ ವನಜಾಕ್ಷಿಯೇ. ಮೊದಲನೆಯ ದಿನ ತಾವು ತೆಗೆದುಕೊಂಡು ಹೋದ ರಕ್ತದ ವರದಿ ಅಷ್ಟು ಹೊತ್ತಿಗೆ ತಮ್ಮ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡುತ್ತಿತ್ತಂತೆ. ವನಜಾಕ್ಷಿ ಅದನ್ನು ಕಾಯದೆ, ಎಂಬತ್ತಾರು ಕೆಜಿಯ ಭೈರಮ್ಮನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಒಯ್ದಳು. ಸಕ್ಕರೆ ಮುನ್ನೂರ ನಲವತ್ತು ಇತ್ತು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಪಾದ ತೆಗೆಯಬೇಕಾಗುತ್ತಿತ್ತೆಂದು ಅಲ್ಲಿನ ಡಾಕ್ಟರು ಹೇಳಿದರು. ಈಕೆ ಪ್ರಯೋಗದಲ್ಲಿ ಇರಬಹುದೋ ಇರಬಾರದೋ ಎಂದು ವನಜಾಕ್ಷಿ ಬರೆದು ಕೇಳಿದ ಪ್ರಶ್ನೆಗೆ ತಾವು ಇವತ್ತಿನವರೆಗೂ ಉತ್ತರ ಬರೆದಿಲ್ಲ. ತಮ್ಮ ಸಮಾಧಾನ ದೊಡ್ಡದು.

ಈಗ ಬೆರೆಸಿದ ವಿಷಯಕ್ಕೆ ಬರುತ್ತೇನೆ. ಮೇ ಒಂಬತ್ತರಂದು ಎರಡನೆಯ ತಿಂಗಳ ಡಬ್ಬಿಗಳು ಬಂದವು. ಮಾರನೆಯ ದಿನ ನಮ್ಮ ಹಜಾರದಲ್ಲಿ ಅಟ್ಟದಿಂದ ಇಳಿಸಿದ ಕಾಯಿ ಒಡೆದು ಕೊಬ್ಬರಿ ತೆಗೆಯುವ ಕೆಲಸ ನಡೆದಿತ್ತು, ಸಂಘದವರೆಲ್ಲ ಬಂದಿದ್ದರು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಕಾಯಿಯನ್ನು ಒಡೆಯುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನಮ್ಮ ಪದ್ಧತಿ. ಒಳಗೆ ಕೊಬ್ಬರಿ ಆಡಿದರೆ ಒಣಗಿದೆ. ಆಡದಿದ್ದರೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಭೈರಮ್ಮನ ಕೈಗೆ ಏನು ಸಿಕ್ಕರೂ ಅದು ಮೊದಲು ಕಿವಿಗೆ ಹೋಗುತ್ತದೆ. ಮಧ್ಯಾಹ್ನದ ಮಾತ್ರೆಯೂ ಹೋಯಿತು. ತನ್ನದನ್ನು ಅಲ್ಲಾಡಿಸಿದಳು, ನನ್ನದನ್ನು ಇಸಿದುಕೊಂಡು ಅಲ್ಲಾಡಿಸಿದಳು, ಪಕ್ಕದ ಮನೆಯ ನನ್ನ ವಾರಗಿತ್ತಿ ವಿಮಲಮ್ಮನದನ್ನೂ ಅಲ್ಲಾಡಿಸಿ, “ಅಕ್ಕಾ, ವಿಮ್ಲಕ್ಕುಂದು ಆಡ್ತೈತೆ. ನಿಮ್ದೂ ನಂದೂ ಆಡಾಕಿಲ್ಲ” ಎಂದಳು.

ನಾನು ಎರಡು ಮಾತ್ರೆಯನ್ನೂ ಬಿಡಿಸಿ ಮೊರದ ಮೇಲೆ ಸುರಿದೆ. ವಿಮಲಮ್ಮನದರಲ್ಲಿ ಹಸಿರು ಪುಡಿಯಿತ್ತು. ನಾಲಿಗೆಗಿಟ್ಟರೆ ಕಹಿ, ಅದರ ಹಿಂದೆಯೇ ಒಗರು. ನನ್ನದರಲ್ಲಿ ಗಿಡಿದು ತುಂಬಿದ ಬಿಳಿಯ ಹಿಟ್ಟು. ರುಚಿಯೂ ಇಲ್ಲ, ವಾಸನೆಯೂ ಇಲ್ಲ. ವಿಮಲಮ್ಮ ಸೆರಗು ಸರಿಮಾಡಿಕೊಂಡು, “ಏನೋಪ್ಪ, ಯಾರ್ಗೆ ಏನ್ ಕೊಡ್ಬೇಕು ಅಂತ ಕೊಡೋರ್ಗೆ ಗೊತ್ತಿರ್ತದೆ” ಎಂದಳು. ಒಂಬತ್ತು ವರ್ಷದ ಅಧ್ಯಕ್ಷೆಗೆ ಹಿಟ್ಟು, ಒಂದು ಸಭೆಗೂ ಹೊತ್ತಿಗೆ ಸರಿಯಾಗಿ ಬಾರದವಳಿಗೆ ಔಷಧಿ. ಈ ಸಿಟ್ಟಿಗೆ ನಾನು ಮಾತ್ರೆ ಬೆರೆಸಿದೆನೆಂದು ಯಾರಾದರೂ ತಮಗೆ ಹೇಳಿದರೆ ನಂಬಬೇಡಿ. ಸಿಟ್ಟು ಬಂದದ್ದು ನಿಜ, ಬೆರೆಸಿದ್ದು ಬೇರೆ ಕಾರಣಕ್ಕೆ.

ನಮ್ಮ ಮನೆತನದಲ್ಲಿ ಯಾವುದನ್ನೇ ಪಾಲು ಮಾಡಲಿ, ಒಳ್ಳೆಯದನ್ನು ಒಬ್ಬರಿಗೂ ಜೊಳ್ಳನ್ನು ಇನ್ನೊಬ್ಬರಿಗೂ ಹಾಕುವ ರೂಢಿಯಿಲ್ಲ. ಅಣ್ಣತಮ್ಮಂದಿರು ತೋಟದ ಕಾಯಿ ಹಂಚಿಕೊಳ್ಳುವಾಗ ದಪ್ಪ ಕಾಯಿ, ಸಣ್ಣ ಕಾಯಿ, ಇಲಿ ಕಡಿದ ಕಾಯಿ ಎಲ್ಲವನ್ನೂ ಒಂದೇ ರಾಶಿ ಹಾಕಿ ಕಲೆಸಿ ಆಮೇಲೆ ಎಣಿಸುತ್ತಾರೆ. ನಾನು ಅದನ್ನೇ ಮಾಡಿದೆ. ಹದಿನಾರು ಡಬ್ಬಿಯನ್ನೂ ತರಿಸಿ ದೊಡ್ಡ ಮೊರಕ್ಕೆ ಸುರಿಸಿ ನಾನೇ ಕೈಯಾಡಿಸಿದೆ. ಮುಂಚೆ ಯಾರ ಡಬ್ಬಿಯಲ್ಲಿ ಎಷ್ಟಿತ್ತೋ ಅಷ್ಟೇ ಎಣಿಸಿ ತುಂಬಿದೆವು. ವಿಮಲಮ್ಮ ಒಂದೊಂದನ್ನೂ ಕಿವಿಗೆ ಹಿಡಿದು ಆರಿಸಿಕೊಳ್ಳಲು ನೋಡಿದಳು. “ಕಿವಿ ತಾವ್ಕೆ ತಗೊಂಡೋಗಂಗಿಲ್ಲ. ಕಣ್ಮುಚ್ಕೊಂಡ್ ತಗಬೇಕು” ಎಂದು ಭೈರಮ್ಮ ಅವಳ ಕೈಯನ್ನು ಹಿಡಿದುಕೊಂಡಳು. ಜೂನ್ ತಿಂಗಳ ಡಬ್ಬಿಗಳಿಗೂ ಇದೇ ನ್ಯಾಯವಾಯಿತು. ಕಣ್ಣು ಮುಚ್ಚಿ ಹಂಚುವುದೇ ತಮ್ಮ ಶಾಸ್ತ್ರದ ಮುಖ್ಯ ನಿಯಮವೆಂದು ಆಮೇಲೆ ಕೇಳಿ ತಿಳಿದೆ. ಹಾಗಿದ್ದರೆ ಆ ನಿಯಮವನ್ನು ತಮಗಿಂತ ನಾವೇ ಚೆನ್ನಾಗಿ ಪಾಲಿಸಿದ್ದೇವೆ.

ನರ್ಸಮ್ಮನಿಗೆ ಹೇಳಿಬಿಡೋಣವೆಂದವಳು ಭೈರಮ್ಮ, ಬೇಡವೆಂದವಳು ನಾನು. ಹೇಳಿದರೆ ಅವಳು ತಮಗೆ ಬರೆಯಬೇಕಾಗುತ್ತಿತ್ತು. ಬರೆಯದಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು. ಎರಡರಿಂದಲೂ ಅವಳನ್ನು ಪಾರುಮಾಡಿದೆನೆಂದು ತಿಳಿದು ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅವಳು ಪ್ರತಿ ಮಂಗಳವಾರ ಎಣಿಸಿದ ಎಣಿಕೆಯಲ್ಲಿ ಒಂದು ಮಾತ್ರೆಯೂ ಹೆಚ್ಚುಕಡಿಮೆ ಬರಲಿಲ್ಲ, ಬರದ ಹಾಗೆ ನೋಡಿಕೊಂಡವಳು ನಾನು. ಹೀಗೆ ಮುಚ್ಚಿಟ್ಟದ್ದು ತಪ್ಪು. ಐವತ್ತೊಂಬತ್ತು ವರ್ಷದಲ್ಲಿ ನಾನು ಬರವಣಿಗೆಯಲ್ಲಿ ಒಪ್ಪಿಕೊಳ್ಳುತ್ತಿರುವ ಮೊದಲನೆಯ ತಪ್ಪು ಇದಾದ್ದರಿಂದ ತಾವು ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು; ಇನ್ನೊಂದು ಸಿಗುವ ಭರವಸೆ ಇಲ್ಲ.

ಜುಲೈ ನಾಲ್ಕರಂದು ಕೊನೆಯ ರಕ್ತ ತೆಗೆದರು. ಎಂಟು ಜನರ ರಕ್ತದಲ್ಲಿ ಟೀ ಸಿಗಬೇಕಿತ್ತು, ಎಂಟು ಜನರಲ್ಲಿ ಸಿಗಬಾರದಿತ್ತು. ತಮ್ಮ ಯಂತ್ರಕ್ಕೆ ಹದಿನಾರು ಜನರಲ್ಲೂ ಅರ್ಧರ್ಧ ಸಿಕ್ಕಿತಂತೆ. ಯಂತ್ರವೇ ಕೆಟ್ಟಿದೆಯೆಂದು ಎರಡು ಸಲ ರಿಪೇರಿ ಮಾಡಿಸಿದಿರಂತೆ. ನನ್ನ ಪರವಾಗಿ ಆ ಯಂತ್ರದ ಕ್ಷಮೆ ಕೇಳಬೇಕು, ಪಾಪ, ಅದು ನಿಜವನ್ನೇ ಹೇಳುತ್ತಿತ್ತು. ಆಮೇಲೆ ತಮ್ಮ ಒಬ್ಬ ಅಧಿಕಾರಿ ಕಾರಿನಲ್ಲಿ ಬಂದರು. ನಮ್ಮ ಮನೆಯ ಮುಂದೆಯೇ ಕಾರು ನಿಲ್ಲಿಸಿ, ಎರಡು ಎಳನೀರು ಕುಡಿದು, ನಮ್ಮಲ್ಲಿ ಒಬ್ಬರನ್ನೂ ಒಂದು ಮಾತೂ ಕೇಳದೆ, ವನಜಾಕ್ಷಿಯನ್ನು ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿ ಹೊರಟುಹೋದರು. ಹದಿನಾರು ಹೆಂಗಸರು ಕುಳಿತು ಯೋಚಿಸಿ ಒಂದು ಕೆಲಸ ಮಾಡಿರಬಹುದೆಂಬ ಸಂಶಯವೇ ಆ ಮಹಾನುಭಾವರಿಗೆ ಬರಲಿಲ್ಲ. ನಮ್ಮ ಸೊಂಟದ ಸುತ್ತಳತೆ ತಮ್ಮಲ್ಲಿದೆ, ತಲೆಯದನ್ನು ಅಳೆದಂತಿಲ್ಲ. ನನ್ನನ್ನು ಕೇಳಿದ್ದರೆ ನಿಂತ ಜಾಗದಲ್ಲಿ ಹೇಳುತ್ತಿದ್ದೆ. ಕೇಳದವರಿಗೆ ಹೇಳುವುದು ನನ್ನ ಅಭ್ಯಾಸವಲ್ಲವೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಬಿಗುಮಾನಕ್ಕೆ ದಂಡ ತೆತ್ತವಳು ವನಜಾಕ್ಷಿ.

ಹನ್ನೊಂದನೆಯ ತಾರೀಖು ಅವಳು ತೂಕದ ಯಂತ್ರವನ್ನು ವಾಪಸು ಒಯ್ಯಲು ಬಂದಳು. ಪ್ರಯೋಗ ಮುಗಿದ ಮೇಲೆ ಕೆಲಸ ಕಾಯಂ ಮಾಡುತ್ತೇವೆಂದು ತಾವು ಆಡಿದ ಮಾತನ್ನು ನಂಬಿ ಹುಳಿಯಾರಿನ ನರ್ಸಿಂಗ್ ಹೋಮಿನ ಕೆಲಸ ಬಿಟ್ಟು ಬಂದವಳು ಅವಳು. ಮನೆಯಲ್ಲಿ ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ದುಡಿಯುವವಳು ಅವಳೊಬ್ಬಳೇ. ಆಗ ನಾನು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದು ಕಾದೆ; ಬಯ್ದಿದ್ದರೆ ಚೆನ್ನಾಗಿತ್ತು. “ಮಾತ್ರೆ ಎಣುಸ್ದೆ, ಕರಟ ಎಣುಸ್ದೆ, ನಿಮ್ ಮುಖ ಒಂದ್ ಸರಿಯಾಗಿ ನೋಡ್ಲಿಲ್ಲ ನೋಡಿ ಅಮ್ಮ. ನೋಡಿದ್ರೆ ಗೊತ್ತಾಗೋದು. ಬುಡಿ” ಎಂದಳು. ಕಾಫಿ ಕುಡಿದು, ಬೇಡವೆಂದರೂ ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ. ಹಸಿವು ಕಡಿಮೆ ಮಾಡುವ ಗುಣ ತಮ್ಮ ಆದೇಶಕ್ಕೆ ಇದೆಯೆಂದು ಬೇಕಾದರೆ ಬರೆದುಕೊಳ್ಳಬಹುದು.

ಇಷ್ಟೆಲ್ಲ ಆಗಿ ಪ್ರಯೋಗ ಹಾಳಾಯಿತೆಂದು ತಾವು ಕೊರಗಬಾರದು. ಅದರ ಫಲ ನಮ್ಮ ಕಣ್ಣೆದುರಿಗೇ ಇದೆ. ನಾನು ಎಂಬತ್ತೊಂದರಿಂದ ಎಂಬತ್ತೂವರೆಗೆ ಇಳಿದೆ. ಆ ಅರ್ಧ ಕೆಜಿ, ಮೊದಲನೆಯ ದಿನ ಉಟ್ಟಿದ್ದ ರೇಷ್ಮೆಗೂ ಕೊನೆಯ ದಿನ ಉಟ್ಟಿದ್ದ ನೂಲಿನ ಸೀರೆಗೂ ಇರುವ ವ್ಯತ್ಯಾಸ. ವಿಮಲಮ್ಮ, ಮಾತ್ರೆ ಹೇಗೂ ನೋಡಿಕೊಳ್ಳುತ್ತದೆಂಬ ಧೈರ್ಯದಲ್ಲಿ ಮೇ ತಿಂಗಳ ಐದು ಮದುವೆಗಳಲ್ಲಿ ಹೋಳಿಗೆ ತಿಂದು ಎರಡು ಕೆಜಿ ಏರಿದಳು. ಉಳಿದವರು ಇದ್ದಲ್ಲೇ ಇದ್ದಾರೆ. ಇಳಿದವಳು ಭೈರಮ್ಮ ಒಬ್ಬಳೇ, ಐದು ಕೆಜಿ. ಅದೂ ತಮ್ಮ ಎಲೆಯಿಂದಲ್ಲ, ಆಸ್ಪತ್ರೆಯ ಪಥ್ಯದಿಂದ ಮತ್ತು ಆ ಪಥ್ಯ ತಪ್ಪಿದರೆ ವನಜಾಕ್ಷಿ ಮಾಡುತ್ತಿದ್ದ ಗಲಾಟೆಯಿಂದ. ಆದ್ದರಿಂದ ತಮ್ಮ ವಿಜ್ಞಾನಕ್ಕೆ ಸಾಧ್ಯವಿದ್ದರೆ ವನಜಾಕ್ಷಿಯ ಸಾರವನ್ನು ತೆಗೆದು ಮಾತ್ರೆಗೆ ತುಂಬಿ ಕಳಿಸಬೇಕು. ನಾವು ಮೂರು ಹೊತ್ತೂ ನುಂಗುತ್ತೇವೆ, ಅರ್ಧ ಜನಕ್ಕೆ ಹಿಟ್ಟು ಕೊಟ್ಟರೂ ಬೇಸರಿಸುವುದಿಲ್ಲ. ಅದು ಆಗದಿದ್ದರೆ ಅವಳನ್ನೇ ಕಳಿಸಿಕೊಡುವುದು ತಮಗೂ ಸುಲಭ. ಇನ್ನು ಮುಂದಿನ ಪ್ರಯೋಗವನ್ನು ಗಂಡಸರ ಮೇಲೆ ಮಾಡುವುದಾದರೆ ಎಳನೀರು ಕುಡಿದು ಹೋದ ಅಧಿಕಾರಿಗಳನ್ನು ಒಂದನೆಯ ನಂಬರಿಗೆ ಶಿಫಾರಸು ಮಾಡುತ್ತೇನೆ. ಅವರ ಸೊಂಟವನ್ನು ನಾನು ಕಣ್ಣಳತೆಯಲ್ಲೇ ಅಳೆದಿದ್ದೇನೆ, ತಕ್ಕವರು.

ಕೊನೆಯದಾಗಿ ಒಂದು ಮಾತು. ಒಪ್ಪಿಗೆ ಪತ್ರದ ಒಂಬತ್ತನೆಯ ಪುಟವನ್ನು ತಾವು ಓದಿರಲಾರಿರಿ, ನಾನು ಓದಿದ್ದೇನೆ. ಮಾತ್ರೆ ನಿಲ್ಲಿಸಿದ ಒಂಬತ್ತನೆಯ ವಾರ ಎಲ್ಲರ ರಕ್ತ ಮತ್ತು ಬಿಪಿ ಮತ್ತೆ ಪರೀಕ್ಷೆ ಮಾಡಿ, ಯಾರಿಗೂ ತೊಂದರೆಯಾಗಿಲ್ಲವೆಂದು ಮೇಲಿನವರಿಗೆ ವರದಿ ಒಪ್ಪಿಸುವುದು ಸಂಸ್ಥೆಯ ಹೊಣೆ ಎಂದು ಅಲ್ಲಿದೆ. ಭಾಗಾರ್ಥಿಯು, ಅಂದರೆ ನಾವು, ಯಾವ ಕಾರಣವನ್ನೂ ಹೇಳದೆ ಪರೀಕ್ಷೆಯನ್ನು ನಿರಾಕರಿಸಬಹುದು ಎಂದೂ ಅದೇ ಪುಟದಲ್ಲಿದೆ. ಆ ದಿನ ಸೆಪ್ಟೆಂಬರ್ ಐದು. ಆದೇಶ ರದ್ದಾಗಿ ವನಜಾಕ್ಷಿ ಬಂದರೆ ಹದಿನಾರು ತೋಳುಗಳು ಸಾಲಾಗಿ ಚಾಚಿರುತ್ತವೆ. ಬೇರೆ ಯಾರು ಬಂದರೂ ಎಲೆ ಹಾಕಿ ಊಟ ಬಡಿಸುತ್ತೇವೆ, ತಾಂಬೂಲ ಕೊಟ್ಟು ಬಸ್ಸು ಹತ್ತಿಸುತ್ತೇವೆ; ಒಂದು ತೊಟ್ಟು ರಕ್ತ ಕೊಡುವುದಿಲ್ಲ. ಅದೇ ಬಿಳಿ ಕೋಟು ಹಾಕಿಸಿ, ನೋಡಲು ಒಂದೇ ಥರ ಕಾಣುವ ಇನ್ನೊಬ್ಬಳನ್ನು ಕಳಿಸಿದರೆ ಇವರಿಗೇನು ತಿಳಿಯುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟಾರು. ಆ ಪ್ರಯೋಗವನ್ನು ನಮ್ಮ ಮೇಲೆ ತಾವು ಒಂದು ಸಲ ಮಾಡಿ ನೋಡಿದ್ದೀರೆಂದು ವಿನಯದಿಂದ ನೆನಪಿಸುತ್ತೇನೆ. ಬೆರೆಸಿದ್ದು ದ್ರಾಕ್ಷಾಯಣಮ್ಮನೇ, ನರ್ಸಿಗೆ ತಿಳಿದಿರಲಿಲ್ಲ ಎಂದು ಹನ್ನೆರಡು ಸಹಿ ಮತ್ತು ನಾಲ್ಕು ಹೆಬ್ಬೆಟ್ಟಿನ ಹೇಳಿಕೆಯನ್ನು ಇದರೊಂದಿಗೆ ಲಗತ್ತಿಸಿದೆ. ವಿಮಲಮ್ಮನ ಸಹಿ ಎಲ್ಲರಿಗಿಂತ ದೊಡ್ಡದಾಗಿದೆ. ನನ್ನ ತಪ್ಪಿಗೆ ಸಾಕ್ಷಿ ಹಾಕುವ ಅವಕಾಶ ಅವಳಿಗೆ ಮತ್ತೆ ಸಿಗುವುದಿಲ್ಲ.

ತಮ್ಮ ಆರೋಗ್ಯವೂ ತಮ್ಮ ತೂಕವೂ ತಾವು ಬಯಸಿದಷ್ಟೇ ಇರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ದ್ರಾಕ್ಷಾಯಣಮ್ಮ

ವಿ.ಸೂ.: ಕಳೆದ ವಾರ, ತಾವು ಕೆಲಸದಿಂದ ತೆಗೆದ ಐದನೆಯ ದಿನ, ಆಗಸ್ಟ್ ಹದಿನೈದರ ರಜೆ ಬೇರೆ, ವನಜಾಕ್ಷಿ ಹುಳಿಯಾರಿನಿಂದ ಬಂದು ಭೈರಮ್ಮನ ಕಾಲಿನ ಪಟ್ಟಿ ಬದಲಾಯಿಸಿ, ಸಕ್ಕರೆ ನೋಡಿ, ಅನ್ನ ಜಾಸ್ತಿ ತಿಂದಿದ್ದೀಯೆಂದು ಬೀದಿಗೆ ಕೇಳುವ ಹಾಗೆ ಬಯ್ದು ಹೋದಳು. ಯಾರು ಕಳಿಸಿದರಮ್ಮ ನಿನ್ನನ್ನು ಎಂದು ಕೇಳಿದ್ದಕ್ಕೆ, “ಇವತ್ತು ಮಂಗ್ಳಾರ ಅಲ್ವಾ” ಎಂದಳು. ತಾವು ನಿರ್ಲಕ್ಷ್ಯ ಎಂದು ಬರೆದಿರುವ ಜಾಗದಲ್ಲಿ ಇದನ್ನು ಬರೆದುಕೊಳ್ಳಬೇಕು. ಸ್ಥಳ ಸಾಲದಿದ್ದರೆ ತಿಳಿಸಿ, ಹಾಳೆ ನಾನು ಕಳಿಸುತ್ತೇನೆ.